ಕಲ್ಲಲ್ಲಿ ಮಾಣಿ ಎಲ್ಲಿದ್ದ?

ಹೋದ ಬ್ಯಾಸಿಗೆ ರಜೆಲಿ ನಮ್ಮ ಪಕ್ಕದ ಮನೆಗೆ ಒಬ್ಬ ಮಾಣಿ ಬಂದಿದ್ದ. ಆ ಮನೆ ಮಗಳ ಮಗ. ಎಂಟು ವರ್ಷ. ಅಪ್ಪ ಮಿಲಿಟ್ರಿಲಿ ಇದ್ದಿದ್ದ, ಗಡಿಲಿ ತೀರಿಹೋಗಿ ಆಗ ಏಳು ತಿಂಗಳಾಗಿತ್ತು. ಮಾಣಿ ಬೆಳೆದದ್ದೆಲ್ಲ ಮಿಲಿಟ್ರಿ ಕ್ವಾರ್ಟರ್ಸಿನಲ್ಲಿ. ಹಂಗಾಗಿ ನಮ್ಮ ಮಾತು ತಿಳಿತು, ಆಡಲೆ ಬತ್ತಿಲ್ಲೆ. ಪೇಟೆ ಕನ್ನಡದಲ್ಲೇ ಮಾತಾಡ್ತ.

ಆ ರಜೆಲಿ ಊರಿಗೆ ಊರೇ ಅವಂಗೆ ಹೇಳಿದ್ದು ಒಂದೇ ಮಾತು. "ನಿನ್ನಪ್ಪ ವೀರ. ನೀನು ವೀರನ ಮಗ. ಅಳಲಾಗ." ಆನೂ ಹೇಳಿದ್ದಿ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ಸಿದಿದ್ದಿ, ಮಾಣಿ ಕಾಕೆ ಓಡಿಸ್ತಾ ಕೂತಿದ್ದ. ಕೈಗೆ ಒಂದು ತೊಡೆದೇವು ಕೊಟ್ಟು ಅದೇ ಮಾತು ಹೇಳ್ದಿ. ಅಂವ ತೊಡೆದೇವು ತಿಂದ, ಮಾತಿಗೆ ಎಂತದೂ ಹೇಳಿದ್ನಿಲ್ಲೆ. ಸುದ್ದಿ ಬಂದ ದಿನದಿಂದ ಒಂದು ಸಲವೂ ಅತ್ತಿದ್ನಿಲ್ಲೆ ಹೇಳಿ ಅವನ ಆಯಿ ಹೇಳ್ಚು. ರಾತ್ರಿ ಮಾತ್ರ ಎದ್ದು ಜಗಲಿಗೆ ಬಂದು ಬಾಗಿಲ ಅಗಳಿ ತೆಗೆದಿಡ್ತನಡ. ಎಂತಕ್ಕೆ ಕೇಳಿದ್ರೆ, "ಒಳಗಿಂದ ಹಾಕಿದ್ರೆ ಅಪ್ಪ ಹೇಗೆ ಬರ್ತಾರೆ?"

ಒಂದಿನ ಆನು ತ್ವಾಟಕ್ಕೆ ಹೊರಟಾಗ ಮಾಣಿಯೂ ಬಂದ. ತ್ವಾಟದ ತಲೆಲಿ, ಸೊಪ್ಪಿನಬೆಟ್ಟಕ್ಕೆ ಹತ್ತ ದಾರಿ ಪಕ್ಕದಲ್ಲಿ ನಮ್ಮದೊಂದು ಕಲ್ಲಿದ್ದು. ಎದೆ ಮಟ್ಟ ಎತ್ತರ. ದೊಡ್ಡಬ್ಬದ ದಿನ ಚೌಡಿಗೆ, ಭೂತಕ್ಕೆ ಕಾಯಿ ಒಡೆದ ಮೇಲೆ ಇದಕ್ಕೂ ಒಂದು ಒಡೆಯದು ನಮ್ಮನೆ ಪದ್ಧತಿ. "ಇದು ಯಾರು ಅಮ್ಮಮ್ಮ?" ಕೇಳ್ದ. "ವೀರಗಲ್ಲು ಮಾಣಿ. ಹಿಂದೆ ಯಾವ್ದೋ ಕಾಳಗದಲ್ಲಿ ಸತ್ತಂವ. ದೊಡ್ಡ ವೀರ" ಹೇಳ್ದಿ. ಅಂವ ಕಲ್ಲಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡ್ದ. ಮತ್ತೆ ಕೇಳ್ದ:

"ಇವರಿಗೆ ಮಕ್ಕಳು ಇದ್ರಾ?"

ಆ ಮನೆಗೆ ಬಂದು ನಲವತ್ತು ವರ್ಷ ಆತು. ಅಷ್ಟೂ ವರ್ಷ ಆ ಕಲ್ಲಿಗೆ ಕೈ ಮುಗಿದಿದ್ದಿ. ಇಂಥದ್ದೊಂದು ಪ್ರಶ್ನೆ ಯಂಗೆ ಹೊಳೆದಿದ್ದೇ ಇಲ್ಲೆ.

ಆ ಪ್ರಶ್ನೆ ಹಿಡ್ಕಂಡು ಆನು ಒಂದಷ್ಟು ಓದಿದಿ, ಗೊತ್ತಿದ್ದವರ ಕೇಳ್ದಿ. ತಿಳಿದಷ್ಟು ಇಲ್ಲಿ ಬರೀತಿ.

ವೀರಗಲ್ಲು ನಿಂಗೆಲ್ಲ ನೋಡಿಪ್ಪಿ. ಯನ್ನ ತವರುಮನೆ ಸಿದ್ದಾಪುರ ಬದಿ, ಅಲ್ಲಿ ಬಿಳಗಿಗೆ ಹೋಪ ದಾರಿಲಿ ಸಣ್ಣಿದ್ದಾಗ ನೋಡಿದ್ದು ನೆನಪಿದ್ದು. ಬನವಾಸಿ ಸುತ್ತ ಅಂತೂ ಕೇಳಡಿ. ಆದ್ರೆ ಅದನ್ನ ಓದ ಕ್ರಮ ಒಂದಿದ್ದು, ಅದು ಯಂಗೆ ಗೊತ್ತಿತ್ತಿಲ್ಲೆ. ಪುಸ್ತಕ ಮೇಲಿಂದ ಕೆಳಗೆ ಓದ್ತ್ಯ, ವೀರಗಲ್ಲಿನ ಚಿತ್ರ ಕೆಳಗಿಂದ ಮೇಲೆ ಓದವು. ಕೆಳಗಿನ ಪಟ್ಟಿಲಿ ಕಾಳಗ: ವೀರ ಕತ್ತಿನೋ ಬಿಲ್ಲೋ ಹಿಡಿದು ನಿಂತಿರ್ತ, ಕೆಲವದ್ರಲ್ಲಿ ಪಕ್ಕದಲ್ಲಿ ದನದ ಸಾಲು ಇರ್ತು. ನಡುವಿನ ಪಟ್ಟಿಲಿ ಅಪ್ಸರೆಯರು ಅವನ ಎರಡೂ ಬದಿಗೆ ನಿಂತು ಮೇಲೆ ಕರ್ಕಂಡು ಹೋಗ್ತ. ಮೇಲಿನ ಪಟ್ಟಿಲಿ ಕೈಲಾಸ: ಲಿಂಗ, ಪೂಜೆ ಮಾಡಂವ, ನಂದಿ, ಕೈಮುಗಿದು ಕೂತ ವೀರ. ತುದಿಲಿ ಸೂರ್ಯ, ಚಂದ್ರ. ಅವೆರಡೂ ಇಪ್ಪಷ್ಟು ದಿನ ಇವನ ಹೆಸರು ಇರ್ಲಿ ಹೇಳಿ. ಅಕ್ಷರ ಇದ್ರೆ ಆ ಪಟ್ಟಿಗಳ ನಡುವೆ ಇಪ್ಪ ಅಂಚಿನಲ್ಲಿ ಇರ್ತು.

ಯುದ್ಧ ಹೇಳಿದ್ರೆ ಯಂಗಕ್ಕೆ ರಾಜ ರಾಜರ ಯುದ್ಧ ನೆನಪಾಗ್ತು. ಆದ್ರೆ ಕಲ್ಲಿನ ಮೇಲಿಪ್ಪ ಸಾವು ಹೆಚ್ಚಿನದು ಊರಿನ ಸಾವು. ಶಾಸನದಲ್ಲಿ ಅದಕ್ಕೆ ಒಂದೊಂದು ಹೆಸರಿದ್ದು. ದನ ಹೊಡ್ಕಂಡು ಹೋಪಲೆ ಬಂದವರ ತಡೆದು ಸತ್ರೆ ತುರುಗೋಳ್. ಊರಿಗೆ ಬೆಂಕಿ ಬಿದ್ದು ಲೂಟಿಯಪ್ಪಾಗ ಸತ್ರೆ ಊರಳಿವು. ಹೆಂಗಸರ ಎಳ್ಕಂಡು ಹೋಪಲೆ ಬಂದಾಗ, ಅವರ ಕೂಗು ಕೇಳಿ ಓಡಿಹೋಗಿ ಸತ್ರೆ ಪೆಣ್ಬುಯ್ಯಲ್. ಹೆಸರೇ ಹೇಳ್ತು, ಇವೆಲ್ಲ ದಂಡಿನ ಬಿಡಾರದಲ್ಲಿ ಅಲ್ಲ, ಮನೆ ಹಿತ್ಲಲ್ಲಿ ನಡೆದ ಯುದ್ಧ. ಬೆಳಗ್ಗೆ ಹಾಲು ಕರೆದಿಟ್ಟು ಹೋದಂವ ಮಧ್ಯಾಹ್ನದ ಊಟಕ್ಕೆ ಬರದೇ ಹೋದ ಸಾವು. ಮಕ್ಕ ಅದನ್ನ ಕಂಡಿರಲೂ ಸಾಕು.

ನಮ್ಮ ಬದಿಗೆ ಇಂಥ ಕಲ್ಲು ರಾಶಿ ಇಪ್ಪಲೆ ಕಾರಣ ಇದ್ದು. ಬನವಾಸಿ ಹೇಳಿದ್ರೆ ಬರೀ ಮಧುಕೇಶ್ವರನ ರಥೋತ್ಸವ ಅಲ್ಲ. ಕದಂಬರ ರಾಜಧಾನಿ ಆಗಿತ್ತು, ಆಮೇಲೆ ಚಾಲುಕ್ಯರು, ರಾಷ್ಟ್ರಕೂಟರು ಆಳಕಾದ್ರೆ ಬನವಾಸಿ ಹನ್ನೆರಡು ಸಾವಿರ ಹೇಳ ದೊಡ್ಡ ನಾಡು. ಎಲ್ಲರಿಗೂ ಬೇಕಾದ ನಾಡು, ಹಂಗಾಗಿ ಎಲ್ಲರೂ ಹೊಡೆದಾಡಿದ ನಾಡು. ವರದಾ ಹೊಳೆ ಆಚೆ ಸೊರಬ. ಬಿ. ಎಲ್. ರೈಸ್ ಸಾಹೇಬ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟವ 1904ರಲ್ಲಿ ತಂದ, ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನ ಎಲ್ಲ ಅದರಲ್ಲಿದ್ದು. ಸೊರಬದ ಪುಟ ತಿರುವಿದ್ರೆ ವೀರಗಲ್ಲಿನ ಮೇಲೆ ವೀರಗಲ್ಲು. ಯಂಗ್ಳ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ರೈಸ್ ಮೈಸೂರು ಸೀಮೆಯಂವ, ಹಂಗಾಗಿ ಹೊಳೆ ಈಚೆಗಿನ ಕಲ್ಲು ಆ ಪುಸ್ತಕಕ್ಕೆ ಹೋಯ್ದಿಲ್ಲೆ. ಕಾಳಗಕ್ಕೆ ಎಂತ ಹೊಳೆ ಅಡ್ಡ ಬಂದಿರ್ತಾ?

ಈಗ ಮಾಣಿಯ ಪ್ರಶ್ನೆಗೆ ಬತ್ತಿ. ಸತ್ತವನ ಮಕ್ಕಳಿಗೆ ಎಂತಾತು?

ಒಂದು ಉತ್ತರ ಶಾಸನದಲ್ಲೇ ಇದ್ದು: ಭೂಮಿ ಸಿಕ್ತು. ವೀರನ ಮನೆಯವಕ್ಕೆ ಗದ್ದೆಯೋ ತ್ವಾಟವೋ ಬಿಟ್ಟುಕೊಡ ಪದ್ಧತಿ ಇತ್ತು. ಅದಕ್ಕೆ ನೆತ್ತರುಗೊಡಗೆ ಹೇಳಿ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಕಲ್ನಾಡು ಹೇಳಿಯೂ ಬತ್ತು. ಇದಕ್ಕೂ ಹಳೆಯ ಮಾತು ಬಾಳ್ಗಳ್ಚು, ಅಂದ್ರೆ ಕತ್ತಿ ತೊಳೆಯದು. ಸುಮಾರು 450ರ ಹಲ್ಮಿಡಿ ಶಾಸನ ಯಂಗೆಲ್ಲ ಶಾಲೆಲಿ ಓದಿದ್ದ್ಯಲ, ಕನ್ನಡದ ಹಳೇ ಶಾಸನ ಹೇಳಿ, ನಮ್ಮ ಬನವಾಸಿ ಕದಂಬರ ಕಾಕುಸ್ಥನ ಹೆಸರು ಇಪ್ಪದು. ಅದರಲ್ಲಿ ಇಪ್ಪದೂ ಇದೇ ವಿಷಯ. ಕಾಳಗದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸ ಹೇಳಂವಂಗೆ ಪಲ್ಮಿಡಿ, ಮೂಳಿವಳ್ಳಿ ಎರಡು ಊರು ಬಾಳ್ಗಳ್ಚು ಆಗಿ ಕೊಟ್ಟಿದ್ದು. ಅಂವ ಬದುಕಿದ್ದು ತಗಂಡ. ಸತ್ತವನ ಪಾಲು ಮಕ್ಕಳಿಗೆ ಹೋತು. ಈಗಿನ ಪಿಂಚಣಿ, ಸೈಟು, ನೌಕರಿ ಇದ್ದಲ, ಅದರ ಬೇರು ಅಲ್ಲೇ ಇದ್ದು ಹೇಳಿ ಯಂಗೆ ಕಾಣ್ತು. ಅದನ್ನ ಹಗುರ ಮಾಡಿ ಹೇಳ್ತ್ನಿಲ್ಲೆ. ಗಂಡಸು ಹೋದ ಮನೆಲಿ ಗದ್ದೆ ಉಳಿದ್ರೆ ಮಕ್ಕ ಉಂಡು ಬೆಳಿತ. ಊರಿನವು ಅಷ್ಟಾದ್ರೂ ಯೋಚನೆ ಮಾಡಿದ್ದ.

ಆದ್ರೆ ಅನ್ನ ಕೊಟ್ಟಲ್ಲಿ ದುಃಖದ ಸುದ್ದಿ ಇಲ್ಲೆ. ಕಲ್ಲಿನ ಚಿತ್ರದಲ್ಲಿ ಕತ್ತಿಗೆ ಜಾಗ ಇದ್ದು, ಕುದುರೆಗೆ ಇದ್ದು, ದನಕ್ಕೆ ಇದ್ದು. ಆನು ನೋಡಿದ ಯಾವ ಕಲ್ಲಲ್ಲೂ ಅಪ್ಪನ ಕಾಯ ಮಗು ಇತ್ತಿಲ್ಲೆ.

ಮಂಡ್ಯ ಜಿಲ್ಲೆ ಆತಕೂರಿನ ಕಲ್ಲಿನ ಕತೆ ಓದಿದ ಮೇಲಂತೂ ಯಂಗೆ ಒಂದು ನಮೂನೆ ಆತು. 949-50ರ ಕಲ್ಲು ಅದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನ ಕೊಂದ. ಅದಕ್ಕೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಖುಷಿಯಾಗಿ ಕೊಟ್ಟ ಸೀಮೆಗಳಲ್ಲಿ ಮೊದಲನೇದು ಎಂತ ಗೊತ್ತಿದ್ದಾ? ನಮ್ಮ ಬನವಾಸಿ ಹನ್ನೆರಡು ಸಾವಿರ. ಯಂಗ ಅಡಕೆ ಸುಲೀತಾ ಕೂತ ಈ ನೆಲವೇ ಒಂದು ಕಾಲದಲ್ಲಿ ಯಾರದ್ದೋ ಮಗನ ಕೊಂದಿದ್ದಕ್ಕೆ ಸಿಕ್ಕ ಬಹುಮಾನ ಆಗಿತ್ತು. ಅದೇ ಕಲ್ಲಲ್ಲಿ ಇನ್ನೊಂದು ಕತೆಯೂ ಇದ್ದು. ಬೂತುಗನ ಕಡೆಯ ವೀರ ಮಣಲೆರ ಬಹುಮಾನ ಎಂತ ಬೇಕು ಕೇಳಿದ್ರೆ, ಕಾಳಿ ಹೇಳ ಬೇಟೆ ನಾಯಿ ಬೇಕು ಹೇಳ್ದ. ಆ ನಾಯಿ ದೊಡ್ಡದೊಂದು ಹಂದಿ ಮೇಲೆ ಬಿದ್ದು, ಹಂದಿಯೂ ಸತ್ತು ನಾಯಿಯೂ ಸತ್ತೋತು. ನಾಯಿ ನೆನಪಿಗೆ ಕಲ್ಲು ನಿಲ್ಸಿ, ಭೂಮಿ ಬಿಟ್ಟ. ಸಾವಿರ ವರ್ಷದ ಮೇಲೂ ಕಾಳಿಯ ಹೆಸರು ಯಂಗಕ್ಕೆ ಗೊತ್ತು. ಚೊಲೋ ನಾಯಿಯೇ ಆಗಿಕ್ಕು, ಅದರ ಮೇಲೆ ಎಂತ ಸಿಟ್ಟಿಲ್ಲೆ. ಆದ್ರೆ ತಕ್ಕೋಲದಲ್ಲಿ ಸತ್ತ ಕಾಲಾಳುಗಳ ಮಕ್ಕಳ ಹೆಸರು ಯಾರು ಬರೆದಿಟ್ಟ?

ಇನ್ನೊಂದು ಕಲ್ಲಿದ್ದು, ಹೇಳಲೆ ಮನಸ್ಸಿಲ್ಲೆ, ಹೇಳದಿದ್ರೆ ಆಗ. ಮಾಸ್ತಿಕಲ್ಲು. ಕಂಬದಿಂದ ಚಾಚಿದ ಒಂದು ಕೈ, ಮೊಣಕೈ ಹತ್ರ ಮಡಚಿ ಮೇಲೆ ಎತ್ತಿದ್ದು, ಕೈತುಂಬ ಬಳೆ, ಬೆರಳಲ್ಲಿ ನಿಂಬೆಹಣ್ಣು. ಗಂಡನ ಸಂಗತಿ ಕೊಂಡ ಹೊಕ್ಕ ಹೆಂಗಸಿನ ಕಲ್ಲು. ಯಂಗ ಮಾಸ್ತಿ ಹೇಳಿ ಅರಿಶಿನ ಕುಂಕುಮ ಹಾಕ್ತ್ಯ, ಮಹಾಸತಿ ಹೇಳದೇ ಬಾಯಲ್ಲಿ ಮಾಸ್ತಿ ಆದದ್ದು. ಯಲ್ಲಾಪುರದಲ್ಲಿಪ್ಪ ಯನ್ನ ತಂಗಿ ಮನೆ ಹತ್ರನೂ ಒಂದಿದ್ದು. ಸಣ್ಣಿದ್ದಾಗಿಂದ ಕೈ ಮುಗಿದು ಅಭ್ಯಾಸ, ಒಳಗಿನ ಲೆಕ್ಕ ಹಾಕಿದ್ದೇ ಇಲ್ಲೆ. ಬೆಳಗ್ಗೆ ಅಪ್ಪ ಹೋದ, ಸಂಜೆಗೆ ಆಯಿ ಹೋತು. ಮನೆಲಿ ಉಳಿದ ಮಗುವ ಆ ರಾತ್ರಿ ಯಾರು ಮಲಗಿಸ್ದ?

ಹಳೇ ಕಾಲದವಕ್ಕೂ ಈ ಲೆಕ್ಕ ಗೊತ್ತಿತ್ತು. ಗರ್ಭಿಣಿ, ಎಳೆ ಮಗು ಇಪ್ಪ ಹೆಂಗಸು ಸಹಗಮನ ಮಾಡಲಾಗ ಹೇಳಿ ಧರ್ಮಶಾಸ್ತ್ರದ ಗ್ರಂಥಗಳಲ್ಲೇ ಇದ್ದು. 1057ರ ಬೆಳತೂರು ಶಾಸನದಲ್ಲಿ ದೇಕಬ್ಬೆಯ ಕತೆ ಇದ್ದು, ಅವಳ ಗಂಡ ಸತ್ತದ್ದು ಯುದ್ಧದಲ್ಲಲ್ಲ, ಆದ್ರೂ ಇಲ್ಲಿ ನೆನೆಯವು. ಅಪ್ಪ, ಆಯಿ, ನೆಂಟರು ಎಲ್ಲ ಬೇಡ ಬೇಡ ಹೇಳಿ ಬೇಡ್ಕಂಡಿದ್ದು ಆ ಕಲ್ಲಲ್ಲಿ ಬಂಜು. ಅಂದ್ರೆ ಹೆತ್ತವರ ಅಳು ಒಂದು ಕಲ್ಲಲ್ಲಾದ್ರೂ ಕೇಳ್ತು. ಸಹಗಮನ ಕಾನೂನಿನಲ್ಲಿ ನಿಂತದ್ದು ಬಂಗಾಳದಲ್ಲಿ 1829ಕ್ಕೆ, ಮದ್ರಾಸು ಪ್ರಾಂತದಲ್ಲಿ 1830ಕ್ಕೆ. ನಮ್ಮ ಜಿಲ್ಲೆ ಆಗ ಮದ್ರಾಸಿಗೇ ಸೇರಿತ್ತು, ಮುಂಬಯಿಗೆ ಸೇರಿದ್ದು 1862ರಲ್ಲಿ.

ಆಟ, ತಾಳಮದ್ದಳೆ ಕೇಳಿ ಬೆಳೆದವು ಯಂಗ. ಅಭಿಮನ್ಯು ಸತ್ತಾಗ ಅರ್ಜುನ ಅಳದ ಕೇಳಿ ಎಷ್ಟು ಸಲ ಕಣ್ಣೊರೆಸ್ಕಂಡಿದ್ಯ. ಆದ್ರೆ ಅಭಿಮನ್ಯು ಮಗ ಪರೀಕ್ಷಿತ ಹುಟ್ಟಕಾದ್ರೆ ಅಪ್ಪ ಇತ್ತಿದ್ನಿಲ್ಲೆ. ಆ ಮಗು ಅಪ್ಪನ ಕೇಳಿದ ದಿನ ಹೇಳಿ ಒಂದು ಪ್ರಸಂಗ ಆನು ನೋಡಿದ್ನಿಲ್ಲೆ. ಮಗನ ಕಳಕಂಡ ಅಪ್ಪಂಗೆ ಭಾಗವತರ ಪದ ಇದ್ದು. ಅಪ್ಪನ ಕಳಕಂಡ ಮಗುಗೆ ಎಲ್ಲರೂ ಹೇಳದು "ಅಳಲಾಗ" ಅಷ್ಟೇ.

ಪಂಚಾಂಗದಲ್ಲಿ ಮಾತ್ರ ಒಂದು ದಿನ ಇದ್ದು. ಪಕ್ಷದ ಹದಿನೈದು ದಿನದಲ್ಲಿ ಭಾದ್ರಪದ ಬಹುಳ ಚತುರ್ದಶಿಯ ಘಾತ ಚತುರ್ದಶಿ ಹೇಳ್ತ. ಆಯುಧದಿಂದ ಸತ್ತವಕ್ಕೆ ಆ ದಿನ ಶ್ರಾದ್ಧ. ಯಂಗೆ ಅಡುಗೆ ಮನೆ ಕಡೆಯಿಂದ ಗೊತ್ತಿದ್ದದ್ದು ಇಷ್ಟೇ: ಯಾವ ದಿನ ಯಾರ ಮನೆಲಿ ವಡೆ, ಯಾವ ದಿನ ಯಾರಿಗೆ ಊಟಕ್ಕೆ ಹೇಳವು. ಈಗ ಯೋಚನೆ ಮಾಡಿದ್ರೆ, ಅಂಥ ಸಾವಿಗೇ ಹೇಳಿ ಒಂದು ತಿಥಿ ತೆಗೆದಿಡವು ಅಂದ್ರೆ ಅಂಥ ಮನೆ ಎಷ್ಟಿದ್ದಿಕ್ಕು? ಅದೇ ರೀತಿ ಮಾಘ ಶುದ್ಧ ಅಷ್ಟಮಿ ದಿನ ಭೀಷ್ಮಂಗೆ ಎಲ್ಲರೂ ತರ್ಪಣ ಕೊಡ್ತ. ಯುದ್ಧದಲ್ಲಿ ಬಿದ್ದ ಅವಂಗೆ ಮಕ್ಕ ಇಲ್ಲೆ, ಹಂಗಾಗಿ ಊರವೆಲ್ಲ ಮಕ್ಕ. ಹಿಂದಿನವು ಇದನ್ನ ಮಾಡಿಟ್ಟಿದ್ದ ನೋಡಿ: ದುಃಖವ ಸುಮ್ಮನೆ ನುಂಗು ಹೇಳಿದ್ದಿಲ್ಲೆ, ಕೈಗೆ ಒಂದು ಕೆಲಸ ಕೊಟ್ಟಿದ್ದ. ಎಳ್ಳು ಹಿಡಿ, ನೀರು ಬಿಡು, ಹೆಸರು ಹೇಳು.

ಇಷ್ಟೆಲ್ಲ ತಿಳಿದ್ರೂ ನಮ್ಮ ಕಲ್ಲಿನ ಮಾಣಿ ಸಿಕ್ಕಿದ್ನಿಲ್ಲೆ. ಕಡಿಗೆ ಶಾಸನ ಓದಲೆ ಬಪ್ಪ ಮಾಸ್ತರೊಬ್ಬರ ಕರೆಸ್ದ್ಯ. ಅವು ಹಗಲು ಬಂದು ಕಲ್ಲು ನೋಡಿ, "ರಾತ್ರಿ ಓದನ" ಹೇಳ್ದ. ಸವೆದ ಅಕ್ಷರ ಹಗಲು ಬೆಳಕಲ್ಲಿ ಕಾಣ್ತಿಲ್ಲೆ, ಕತ್ತಲಲ್ಲಿ ಬ್ಯಾಟ್ರಿಯ ಓರೆಯಾಗಿ ಹಿಡಿದ್ರೆ ಗುಂಡಿಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣ್ತಡ. ಬ್ಯಾಟ್ರಿ ಹಿಡಿಯಲೆ ಮಾಣಿ ತಯಾರು. ಇವ್ವು, ಮಾಸ್ತರು, ಮಾಣಿ, ಅವನ ಆಯಿ, ಆನು, ಐದೂ ಜನ ಊಟ ಮುಗ್ಸಿ ತ್ವಾಟಕ್ಕೆ ಹೋದ್ಯ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳವು. ಆ ಕಲ್ಲು ಮೊದಲಿಂದ ಅಲ್ಲಿ ನಿಂತಿದ್ದಲ್ಲ. ಹಿಂದೆ ಹಳ್ಳದ ಬದಿಗೆ ಓರೆಯಾಗಿ ಬಿದ್ದಿತ್ತು, ಕೆಳಗಿನ ಅರ್ಧ ಹೊರಗೆ, ಮೇಲಿನ ಅರ್ಧ ಮಣ್ಣಲ್ಲಿ. ನಮ್ಮನೆ ಹೆಂಗಸರು ತಲೆತಲಾಂತರದಿಂದ ಅದರ ಮೇಲೆ ಬಟ್ಟೆ ಒಗೆದಿದ್ದ. ಆನೂ ಮದುವೆಯಾಗಿ ಬಂದ ಮೊದಲ ಎರಡು ವರ್ಷ ಒಗೆದಿದ್ದಿ. ಒಂದು ಮಳೆಗಾಲ ಮಣ್ಣು ಕುಸಿದು ಮೇಲಿನ ಸೂರ್ಯ ಚಂದ್ರ ಕಂಡ ಮೇಲೆ ಮಾವಯ್ಯ ಆಳು ಕರೆಸಿ ಎತ್ತಿ ನಿಲ್ಸಿದ್ದ. ಅಲ್ಲಿಂದ ಅದು ದೇವರಾತು.

ಮಾಣಿ ಕೂತು ಬ್ಯಾಟ್ರಿ ಹಿಡ್ದ. ಮಾಸ್ತರು ಬೆರಳಲ್ಲಿ ತಡವಿ ತಡವಿ ನೋಡ್ತಾ ಬಂದ. ಮೇಲಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ. ಕೆಳಗೆ ಬಂದ ಹಂಗೆ ಕಲ್ಲು ನುಣ್ಣಗೆ. ಕಡೇ ಸಾಲಿನಲ್ಲಿ ಒಂದು ಕಡೆ ಕೈ ನಿಲ್ಸಿದ. "ಇಲ್ಲಿ ಎರಡು ಅಕ್ಷರ ಇದೆ. ಮ, ಗ. ಮಗ" ಹೇಳ್ದ. ಅದರ ಮುಂದೆ ಎಂತದೂ ಉಳಿದಿದ್ದಿಲ್ಲೆ.

ಆಮೇಲೆ ಅವು ಹೇಳಿದ್ದು ಕೇಳಿ. ವೀರಗಲ್ಲಿನ ಶಾಸನದ ಕಡೆಗೆ ಎಷ್ಟೋ ಸಲ ಕಲ್ಲು ನಿಲ್ಸಿದವನ ಹೆಸರು ಬತ್ತಡ. ಇಂಥವನ 'ತಮ್ಮ' ನಿಲ್ಸಿದ, 'ಹೆಂಡತಿ' ನಿಲ್ಸಿದ್ದು, 'ಮಗ' ನಿಲ್ಸಿದ ಹೇಳಿ. ರಾಜ ನಿಲ್ಸಿದ ಕಲ್ಲು ಇದ್ದು, ಊರವು ಸೇರಿ ನಿಲ್ಸಿದ್ದೂ ಇದ್ದು. ಆದ್ರೆ ಮನೆಯವೇ ನಿಲ್ಸಿದ್ದು ರಾಶಿ. ಸತ್ತ ಕೂಡಲೇ ನಿಲ್ಸವು ಹೇಳಿ ಎಂತ ಇಲ್ಲೆ, ಮಕ್ಕ ದೊಡ್ಡಾಗಿ ಕೈಲಿ ನಾಲ್ಕು ಕಾಸು ಕೂಡಿದ ಮೇಲೂ ಕಲ್ಲುಕುಟಿಗನ ಕರೆಸಿರಲಕ್ಕು.

ಮಾಣಿ ಬ್ಯಾಟ್ರಿ ಕೆಳಗಿಡದೇ ಕೇಳ್ದ: "ಅಂದ್ರೆ ಈ ಕಲ್ಲು ಮಗ ಮಾಡಿಸಿದ್ದಾ?"

"ಇರಬಹುದಪ್ಪ. ಅಕ್ಷರ ಪೂರ್ತಿ ಇಲ್ಲ, ಖಂಡಿತ ಹೇಳೋಕೆ ಬರೋದಿಲ್ಲ."

"ಅವನ ಹೆಸರು ಏನು?"

"ಹೋಗಿಬಿಟ್ಟಿದೆ."

"ಹೇಗೆ ಹೋಯ್ತು?"

ಮಾಸ್ತರು ಯನ್ನ ಮುಖ ನೋಡ್ದ. ಆನು ಹೇಳ್ದಿ. ಬಟ್ಟೆ ಒಗೆದು ಹೋತು ಮಾಣಿ, ಯಂಗಳೇ ಒಗೆದದ್ದು, ಯಂಗಕ್ಕೆ ಗೊತ್ತಿತ್ತಿಲ್ಲೆ ಹೇಳಿ.

ಆಗ ಮಾಣಿ ಅತ್ತ. ಏಳು ತಿಂಗಳಿಂದ ಅಳದೇ ಇದ್ದಂವ, ಯಾರದ್ದೋ ಸಾವಿರ ವರ್ಷದ ಹಿಂದಿನ ಮಗನ ಹೆಸರು ಹೋತು ಹೇಳಿ ಕೂತು ಅತ್ತ. ಬ್ಯಾಟ್ರಿ ಅಡಕೆ ಮರದ ಬುಡಕ್ಕೆ ಉರುಳಿ ಬಿತ್ತು. ಅಳಲಾಗ ಹೇಳಿ ಯನ್ನ ಬಾಯಿ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ಸುಮ್ಮನಾದಿ. ಅವನ ಆಯಿ ಪಕ್ಕದಲ್ಲಿ ಕೂತ್ಕಂಡು ಅದೂ ಅತ್ತು. ಯಂಗ ಮೂವರೂ ಸುಮ್ಮನೆ ನಿಂತಿದ್ಯ. ಉಂಬಳ ಕಾಲದವಲ್ಲ, ಪುಣ್ಯ, ಎಷ್ಟು ಹೊತ್ತು ನಿಂತ್ರೂ ಅಡ್ಡಿ ಇತ್ತಿಲ್ಲೆ.

ಅಂವ ಅತ್ತದ್ದು ಆ ಮಗಂಗೆ ಅಲ್ಲ ಹೇಳಿ ನಿಂಗಕ್ಕೂ ಗೊತ್ತು. ಆದ್ರೆ ಯಂಗೆ ಆ ರಾತ್ರಿ ಬೇರೆ ಒಂದು ತಿಳಿತು. ಇಷ್ಟು ದಿನ ಆನು ಕಲ್ಲಿನ ಚಿತ್ರದಲ್ಲಿ ಮಾಣಿಯ ಹುಡುಕ್ತಾ ಇದ್ದಿ. ಅಂವ ಚಿತ್ರದಲ್ಲಿ ಇರ್ತ್ನಿಲ್ಲೆ. ಚಿತ್ರ ಮಾಡಿಸಿದಂವ ಚಿತ್ರದ ಹೊರಗೆ ನಿಂತಿರ್ತ. ಕೆಳಗಿನ ಪಟ್ಟಿಲಿ ಅಪ್ಪ ಬಿದ್ದದ್ದು ಅವಂಗೆ ಗೊತ್ತಿತ್ತು, ಮೇಲಿನ ಪಟ್ಟಿಲಿ ಅಪ್ಪ ಚೊಲೋ ಜಾಗದಲ್ಲಿ ಕೂತಿರವು ಹೇಳದು ಅವನ ಆಸೆ. ಊರವು ವೀರ ಹೇಳಿ ಕೈ ಮುಗಿದ ಕಲ್ಲು ಮಗಂಗೆ ಅಪ್ಪ. ಎದೆ ಮಟ್ಟದ ಆ ಕಲ್ಲು ಅವನ ಅಳುವೇ ಆಗಿರಲೂ ಸಾಕು. ಯಂಗ ವೀರನ ಪೂಜೆ ಮಾಡಿದ್ಯ, ಮಗನ ಸಾಲಿನ ಮೇಲೆ ಸೋಪು ಹಚ್ಚಿದ್ಯ.

ನಿಂಗ್ಳ ತ್ವಾಟದಲ್ಲಿ, ಹಳ್ಳದ ಸಂಕದಲ್ಲಿ, ದೇವಸ್ಥಾನದ ಹಿಂದೆ ಇಂಥ ಕಲ್ಲು ಇದ್ರೆ ಒಂದು ಮಾತು. ತೆಂಗಿನ ನಾರು ಹಾಕಿ ತಿಕ್ಕಡಿ, ಸುಣ್ಣ, ಪೇಂಟು ಬಳಿಯಡಿ, ಹೊಸ ಕಟ್ಟೆ ಕಟ್ಟಕಾದ್ರೆ ಕಡೇ ಸಾಲು ಸಿಮೆಂಟಿನ ಒಳಗೆ ಹೋಗದ ಹಂಗೆ ನೋಡ್ಕಳಿ. ಸಾಲಿನ ಕಡೆಗೆ ಯಾರದ್ದಾದ್ರೂ ಮಗ ಇರಲಕ್ಕು, ಮಗಳೂ ಇರಲಕ್ಕು.

ಮಾಣಿ ಶಾಲೆ ಸುರುವಪ್ಪ ಮೊದಲು ಹೋದ. ಹೋಪ ಮುಂಚಿನ ದಿನ ನೋಟ್‌ಬುಕ್ಕಿನ ಹಾಳೆಲಿ ಒಂದು ಕಲ್ಲು ಬರೆದು ಯಂಗೆ ತೋರಿಸ್ದ. ಮೂರು ಚೌಕ, ಮೇಲೆ ಸೂರ್ಯ ಚಂದ್ರ. ಕೆಳಗಿನ ಚೌಕದಲ್ಲಿ ಬಂದೂಕು ಹಿಡಿದ ಅಪ್ಪ. ನಡುವಿನದರಲ್ಲಿ ಒಂದು ಹೆಲಿಕಾಪ್ಟರ್. ಮೇಲಿನದು ಖಾಲಿ ಬಿಟ್ಟಿದ್ದ, ಅಲ್ಲಿ ಎಂತ ಬರೆಯವು ಹೇಳಿ ಇನ್ನೂ ಗೊತ್ತಾಯ್ದಿಲ್ಲೆ ಹೇಳ್ದ. ಅಡಿಲಿ ಅಪ್ಪನ ಹೆಸರು, ಅದರ ಮುಂದೆ 'ಮಗ', ಅದರ ಮುಂದೆ ತನ್ನ ಹೆಸರು, ದೊಡ್ಡ ಅಕ್ಷರದಲ್ಲಿ, ಪೆನ್ನು ಒತ್ತಿ ಒತ್ತಿ. ಹಾಳೆ ಹಿಂದೆಯೂ ಅಚ್ಚು ಬಿದ್ದಿತ್ತು. ರಾತ್ರಿ ಅಗಳಿ ತೆಗೆಯದು ನಿಂತಿದ್ದಾ ಹೇಳಿ ಮೊನ್ನೆ ಫೋನಿನಲ್ಲಿ ಅವನ ಆಯಿಯ ಕೇಳ್ದಿ. ನಿಂತಿದ್ದಿಲ್ಲೆ, ಕಡಿಮೆ ಆಯ್ದು ಹೇಳ್ಚು.

ಈ ಸಲ ದೊಡ್ಡಬ್ಬಕ್ಕೆ ಕಲ್ಲಿಗೆ ಕಾಯಿ ಒಡೆದ ಮೇಲೆ ಕೆಳಗಿನ ಸಾಲಿನ ಹತ್ರ ಆನು ಇನ್ನೊಂದು ದೀಪ ಇಟ್ಟಿ. "ಅದ್ಯಾರಿಗೆ?" ಕೇಳ್ದ ಇವ್ವು.

ಮಗಂಗೆ ಹೇಳ್ದಿ.